ಜರ್ಮನಿ, ರಷ್ಯಾ ಮತ್ತು ಒಂದು ಸೀಮೆಹಸು

ಮನೆಯಲ್ಲಿ ಒಂದು ಕ್ಯಾಮೆರಾ ಇದ್ದವರಿಗೆ ಫೋಟೋ ಸಿಗುತ್ತದೆ. ಎರಡಿದ್ದ ನಮಗೆ ಫೋಟೋ ಜೊತೆಗೆ ವಾರಕ್ಕೊಂದು ರಂಪವೂ ಸಿಗುತ್ತಿತ್ತು.

ನಮ್ಮದು ಆಂಡರ್ಸನ್‌ಪೇಟೆಯಲ್ಲಿ ಸ್ಟುಡಿಯೋ. ಎಪ್ಪತ್ತರ ದಶಕದಲ್ಲಿ ಕೆಜಿಎಫ್‌ನಿಂದ ಬಂಗಾರಪೇಟೆವರೆಗೆ ಯಾರ ಮನೆಯ ಗೋಡೆ ನೋಡಿದರೂ ನಮ್ಮಪ್ಪ ತೆಗೆದ ಫೋಟೋ ಒಂದಾದರೂ ನೇತಾಡುತ್ತಿತ್ತು. ಜಂಬ ಅಂದುಕೊಂಡರೆ ಅಂದುಕೊಳ್ಳಿ, ಇದ್ದದ್ದನ್ನೇ ಹೇಳುತ್ತಿದ್ದೇನೆ. ಅಪ್ಪನ ಹತ್ತಿರ ಇದ್ದದ್ದು ಎರಡು ಕ್ಯಾಮೆರಾ. ಒಂದು ಜರ್ಮನಿಯದು, ಚಿನ್ನದ ಗಣಿಯ ಬಿಳಿ ದೊರೆಯೊಬ್ಬರು ತಮ್ಮ ದೇಶಕ್ಕೆ ಹೊರಟಾಗ ಅಪ್ಪನ ಕೆಲಸ ಮೆಚ್ಚಿ ಕೈಗಿಟ್ಟು ಹೋದದ್ದು. ಇನ್ನೊಂದು ರಷ್ಯಾದು, ಅಪ್ಪ ಬೆಂಗಳೂರಿನಿಂದ ತಂದದ್ದು. ಮನೆಯಲ್ಲಿ ಯಾರೂ ಕ್ಯಾಮೆರಾ ಅನ್ನುತ್ತಿರಲಿಲ್ಲ. 'ಜರ್ಮನಿ ಎಲ್ಲಿ?' 'ರಷ್ಯಾ ಒರೆಸಿಟ್ಟೆಯಾ?' ಅಂತಲೇ ಮಾತು. ಹೊಸದಾಗಿ ಬಂದ ನನ್ನ ಹೆಂಡತಿ ಮೊದಲ ವಾರವೆಲ್ಲ ಇವರದು ಯಾವುದೋ ದೊಡ್ಡ ರಾಜಕೀಯ ಇರಬೇಕು ಅಂತ ಹೆದರಿಕೊಂಡಿದ್ದಳು.

ಅಪ್ಪನ ಜೀವ ಜರ್ಮನಿ ಮೇಲೆ. ಅಪ್ಪನ ಕಾಲ ಆದಮೇಲೆ ಅದು ಯಾರ ಕೈಗೆ? ಅಣ್ಣನಿಗೂ ಅದೇ ಬೇಕು, ನನಗೂ ಅದೇ ಬೇಕು. ಇಬ್ಬರೂ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ, ಆದರೆ ಇಬ್ಬರಿಗೂ ಗೊತ್ತಿತ್ತು.

ಇಬ್ಬರಾದ ಮಗ

ಈ ಎರಡೂ ಕ್ಯಾಮೆರಾಗಳಲ್ಲಿ ಒಂದು ಪುಟ್ಟ ಕಿಂಡಿ ಇತ್ತು. ಅದರಲ್ಲಿ ಕಣ್ಣಿಟ್ಟರೆ ಎದುರಿಗಿದ್ದ ಮನುಷ್ಯ ಎರಡಾಗಿ ಕಾಣುತ್ತಾನೆ. ಮುಂದಿನ ಉಂಗುರ ತಿರುಗಿಸುತ್ತಾ ಹೋದರೆ ಎರಡು ಹತ್ತಿರ ಹತ್ತಿರ ಬಂದು ಒಂದಾಗುತ್ತವೆ. ಒಂದಾದಾಗ ಗುಂಡಿ ಒತ್ತಿದರೆ ಚಿತ್ರ ಸ್ಪಷ್ಟ. ಅಷ್ಟೇ ವಿದ್ಯೆ.

ಕಾಮಸಮುದ್ರದ ಕಡೆಯ ರೈತನೊಬ್ಬ, ಗಣಿ ಕೆಲಸದ ಅರ್ಜಿಗೆ ಫೋಟೋ ಬೇಕು ಅಂತ ಮಗನನ್ನು ಕರಕೊಂಡು ಬಂದ. ಮಗ ಬೆಂಚಿನ ಮೇಲೆ ಉಸಿರು ಬಿಗಿಹಿಡಿದು ಕೂತ. ನಮ್ಮಪ್ಪ ಉಂಗುರ ತಿರುಗಿಸುವುದನ್ನು ನೋಡಿ ರೈತನಿಗೆ ಆಸೆಯಾಯಿತು.

"ಅದ್ರಾಗೆ ಏನ್ ಕಾಣ್ತದೆ ಸಾಮಿ? ನಾನೂ ಒಂದ್ಸಲ ನೋಡ್ಲಾ?"

ಅಪ್ಪ ಜರ್ಮನಿಯನ್ನೇ ಅವನ ಕಣ್ಣಿಗೆ ಹಿಡಿದರು. ಯಾರು ಕೇಳಿದರೂ ತೋರಿಸುತ್ತಿದ್ದರು, ಅದು ಅವರ ಹೆಮ್ಮೆ.

"ಅಯ್ಯಯ್ಯೋ! ಇಬ್ರವ್ರೆ!"

"ಈಗ ನೋಡು," ಅಂತ ಅಪ್ಪ ಉಂಗುರ ತಿರುಗಿಸಿದರು. ಎರಡನೆಯವನು ಮೆಲ್ಲಗೆ ಸರಿದು ಮೊದಲನೆಯವನೊಳಗೆ ಸೇರಿಕೊಂಡ. ರೈತ ತಲೆ ಎತ್ತಿ ಬೆಂಚು ನೋಡಿದ. ಬಗ್ಗಿ ಬೆಂಚಿನ ಕೆಳಗೂ ನೋಡಿದ.

"ಇನ್ನೊಬ್ಬ ಎಲ್ಲೋದ?"

"ಎಲ್ಲೂ ಹೋಗಿಲ್ಲಪ್ಪ. ಇಬ್ಬರೂ ಸೇರಿ ಒಬ್ಬ ಆದ."

ರೈತ ಮಗನನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ತಡವಿ ನೋಡಿದ. ಆಮೇಲೆ ತುಂಬಾ ಬೇಜಾರಿನಿಂದ ಹೇಳಿದ: "ಯಾಕ್ ಸಾಮಿ ಸೇರ್ಸಕ್ಕೋದ್ರಿ? ಅಂಗೇ ಬಿಟ್ಟಿದ್ರೆ ಒಬ್ಬ ಗಣಿಗೆ ಓಗೋನು, ಇನ್ನೊಬ್ಬ ಎಮ್ಮೆ ನೋಡ್ಕಳೋನು!"

ಲೊಚ್

ಜರ್ಮನಿಗೆ ಸದ್ದೇ ಇರಲಿಲ್ಲ. ಗುಂಡಿ ಒತ್ತಿದರೆ ಒತ್ತಿದವರಿಗೆ ಮಾತ್ರ ಗೊತ್ತು. ಕ್ಯಾಮೆರಾ ಬಲ್ಲವರು ಇದನ್ನು ದೊಡ್ಡ ಗುಣ ಅನ್ನುತ್ತಾರೆ. ನಮ್ಮ ಗಿರಾಕಿಗಳ ಪ್ರಕಾರ ಇದು ದೊಡ್ಡ ಮೋಸ.

"ಆಯ್ತು, ಏಳಿ," ಅಂದರೆ, "ಏನಾಯ್ತು? ಸದ್ದೇ ಬರ್ಲಿಲ್ಲ, ಇನ್ನೊಂದ್ಸಲ ತೆಗೀರಿ," ಅಂತ ಕೂತಲ್ಲೇ ಕೂರುತ್ತಿದ್ದರು. ಅವರಿಗೆ ರಷ್ಯಾನೇ ಇಷ್ಟ. ಅದರ ಗುಂಡಿ ಒತ್ತಿದರೆ ಕಬ್ಬಿಣದ ಪೆಟ್ಟಿಗೆ ಮುಚ್ಚಿದ ಹಾಗೆ ಸದ್ದು. ಆದರೆ ಅಪ್ಪನಿಗೆ ಜರ್ಮನಿ ಕೆಳಗಿಡೋಕೆ ಮನಸ್ಸಿಲ್ಲ. ಅದಕ್ಕೇ ಒಂದು ಉಪಾಯ ಮಾಡಿದರು. ನಾಲಿಗೆಯನ್ನು ಅಂಗುಳಕ್ಕೆ ಹಚ್ಚಿ 'ಲೊಚ್' ಅಂತ ಸದ್ದು ಮಾಡೋದು, ಅದರ ಹಿಂದೆಯೇ ಗುಂಡಿ ಒತ್ತೋದು. ಗಿರಾಕಿಗಳು ಖುಷ್. ಅಣ್ಣ, ನಾನು ಇಬ್ಬರೂ ಕನ್ನಡಿ ಮುಂದೆ ನಿಂತು ಈ ವಿದ್ಯೆಯನ್ನೂ ಕಲಿತೆವು.

ಒಂದು ದಿನ ಬಂಗಾರಪೇಟೆ ಕಡೆಯ ಅಜ್ಜಿಯೊಬ್ಬರು ಬಂದರು. ತುಂಬಾ ಮಡಿ, ಮಾತುಮಾತಿಗೂ ದೇವರು. ಅಪ್ಪ ಎಲ್ಲ ಸರಿಮಾಡಿ 'ಲೊಚ್' ಅಂದರು. ಅಜ್ಜಿ ತಕ್ಷಣ ಪಕ್ಕಕ್ಕೆ ಬಗ್ಗಿ ಬೆಂಚನ್ನು ಬೆರಳಿಂದ ಕುಟ್ಟಿ, "ಕೃಷ್ಣ ಕೃಷ್ಣ!" ಅಂದರು. ಹಲ್ಲಿ ನುಡಿಯಿತು ಅಂದುಕೊಂಡರು ಪಾಪ.

ಅಪ್ಪ ಮತ್ತೆ ಕೂರಿಸಿದರು. ಲೊಚ್. ಕೃಷ್ಣ ಕೃಷ್ಣ. ಮತ್ತೆ ಲೊಚ್. ಮತ್ತೆ ಕೃಷ್ಣ ಕೃಷ್ಣ. ನಾನು, ಅಣ್ಣ ಪರದೆ ಹಿಂದೆ ಬಾಯಿಗೆ ಬಟ್ಟೆ ತುರುಕಿಕೊಂಡು ನಿಂತಿದ್ದೆವು. ರಷ್ಯಾ ತಂದರೆ ಆ ಸದ್ದಿಗೆ ಅಜ್ಜಿ ಎದೆ ಹಿಡಿದುಕೊಂಡರು. ಕೊನೆಗೆ ಅಪ್ಪ ಜರ್ಮನಿಯಲ್ಲೇ, ನಾಲಿಗೆ ಆಡಿಸದೆ, ಅಜ್ಜಿಗೆ ಗೊತ್ತೇ ಆಗದ ಹಾಗೆ ತೆಗೆದರು. ಎಂಥ ಫೋಟೋ ಅಂತೀರಿ! ಸೀರೆಯ ನೂಲು ನೂಲು ಎಣಿಸಬಹುದಿತ್ತು.

ಅಜ್ಜಿ ಫೋಟೋ ತಗೊಂಡು ಹೋಗುವಾಗ ಅಪ್ಪನಿಗೆ ಬುದ್ಧಿ ಹೇಳಿದರು: "ಫೋಟೋ ಲಕ್ಷಣವಾಗಿದೆ ಕಣಪ್ಪ. ಆದ್ರೆ ನಿಮ್ಮಂಗ್ಡೀಲಿ ಹಲ್ಲಿ ಕಾಟ ವಿಪರೀತ. ಒಂದ್ಸಲ ಸುಣ್ಣ ಹೊಡೆಸು."

ಮುಚ್ಚಳ

ಬಂಗಾರಪೇಟೆಯಲ್ಲೊಂದು ಮದುವೆ. ಅಪ್ಪನಿಗೆ ಜ್ವರ. ಅಣ್ಣ ಕಾಲು ಹಿಡಿಯುವುದೊಂದು ಬಾಕಿ, ಹಾಗೆ ಗೋಗರೆದು ಜರ್ಮನಿಯನ್ನು ಕೊರಳಿಗೆ ಹಾಕಿಕೊಂಡು, ಮಾರಿಕುಪ್ಪಂನಿಂದ ಬರುವ ರೈಲು ಹತ್ತಿ ಹೋದ. ಹೋಗುವಾಗ ನನ್ನ ಕಡೆ ಒಂದು ನೋಟ ನೋಡಿದ ನೋಡಿ, ಹೊಟ್ಟೆಕಿಚ್ಚಿಗೆ ನಾನು ರಷ್ಯಾವನ್ನು ಚರ್ಮ ಸುಲಿಯುವ ಹಾಗೆ ಒರೆಸಿದೆ.

ಮಾರನೇ ದಿನ ರೀಲು ತೊಳೆದರೆ ಮುಕ್ಕಾಲು ಭಾಗ ಕಿಟಕಿ ಗಾಜಿನ ಹಾಗೆ ಸ್ವಚ್ಛ. ಧಾರೆ ಇಲ್ಲ, ತಾಳಿ ಇಲ್ಲ, ಹೆಣ್ಣೂ ಇಲ್ಲ ಗಂಡೂ ಇಲ್ಲ. ಆಮೇಲೆ ಇದ್ದಕ್ಕಿದ್ದಂತೆ ಊಟದ ಪಂಕ್ತಿ ಶುರು. ಎಲೆ, ಕೋಸಂಬರಿ, ಹಪ್ಪಳ, ಎಲ್ಲ ಒಂದಕ್ಕಿಂತ ಒಂದು ಚೆಂದ. ಅಣ್ಣ ಮುಂದಿನ ಗಾಜಿನ ಮುಚ್ಚಳ ತೆಗೆಯದೆ ಮದುವೆ ಪೂರ್ತಿ ತೆಗೆದಿದ್ದ. ಊಟದ ಹೊತ್ತಿಗೆ ಮುಚ್ಚಳವೇ ಬೇಸತ್ತು ಉದುರಿಹೋಗಿದೆ.

"ಕಣ್ಣಿಗೆ ಎಲ್ಲಾ ಕಾಣ್ತಿತ್ತಲ್ಲಪ್ಪಾ!" ಅಂತ ಅಣ್ಣ ಅಳುವ ಹಾಗಾದ. ಕಾಣುತ್ತೆ, ಯಾಕೆ ಕಾಣಲ್ಲ? ಈ ಕ್ಯಾಮೆರಾಗಳಲ್ಲಿ ನಾವು ನೋಡುವ ಕಿಂಡಿ ಬೇರೆ, ಚಿತ್ರ ಹಿಡಿಯುವ ಗಾಜು ಬೇರೆ. ಗಾಜಿಗೆ ಗೋಣಿಚೀಲ ಹೊದಿಸಿದರೂ ಕಿಂಡಿಯಲ್ಲಿ ಮದುವೆ ಭರ್ಜರಿಯಾಗಿ ನಡೆಯುತ್ತಲೇ ಇರುತ್ತದೆ. ನಾನು ಮುಖ ಗಂಭೀರ ಮಾಡಿಕೊಂಡು ಒಳಗೊಳಗೇ ಕುಣಿದೆ. ಜರ್ಮನಿ ಇನ್ನು ನನ್ನದೇ ಅಂದುಕೊಂಡೆ.

ಅಪ್ಪ ಜ್ವರದಲ್ಲೇ ಎದ್ದು ಹೆಣ್ಣಿನ ಮನೆಗೆ ಹೋದರು. ಸುಳ್ಳು ಹೇಳಲಿಲ್ಲ, ರೈಲಿನ ಮೇಲೆ, ರೀಲಿನ ಮೇಲೆ ತಪ್ಪು ಹೊರಿಸಲಿಲ್ಲ. "ನನ್ನ ಮಗ ಮುಚ್ಚಳ ತೆಗೆದಿಲ್ಲ. ಇನ್ನೊಂದ್ಸಲ ಎಲ್ಲರನ್ನೂ ನಿಲ್ಲಿಸಿ ನಾನೇ ತೆಗೆದುಕೊಡ್ತೀನಿ," ಅಂದರು. ಆ ಅಪ್ಪನ ಮಗ ನಾನು ಅಂತ ಹೇಳಿಕೊಳ್ಳೋಕೆ ಇವತ್ತಿಗೂ ನನಗೆ ಎದೆ ಉಬ್ಬುತ್ತದೆ.

ಹೆಣ್ಣಿನ ಅಪ್ಪ ಕೂಗಾಡಿದರು. ಕೂಗಾಡಿ ಸಾಕಾದಮೇಲೆ ಒಪ್ಪಿದರು. ವಾರ ಕಳೆದು ಮತ್ತೆ ಚಪ್ಪರದ ಕೆಳಗೆ ಹೆಣ್ಣುಗಂಡನ್ನು ಕೂರಿಸಿದೆವು. ಎರಡು ಸಲ ತಾಳಿ ಕಟ್ಟಿಸಬಾರದು ಅಂತ ಹೆಣ್ಣಿನ ಅಜ್ಜಿ ಹಟ ಹಿಡಿದರು. ಸರಿ, ಗಂಡು ಬರಿಗೈಯನ್ನೇ ಹೆಣ್ಣಿನ ಕತ್ತಿನ ಹಿಂದೆ ಹಿಡಿದು ಗಂಟು ಹಾಕುವ ಹಾಗೆ ಬೆರಳಾಡಿಸಿದ. ಹೆಣ್ಣಿಗೆ ಕಚಗುಳಿ. ಅವಳು ನಕ್ಕಳು, ಅತ್ತೆ ನಕ್ಕಳು, ಪುರೋಹಿತರೂ ನಕ್ಕರು. ನಿಜವಾದ ಮುಹೂರ್ತದಲ್ಲಿ ಬೀಗರು ಯಾವುದೋ ಪಂಚೆಯ ವಿಚಾರಕ್ಕೆ ಮುಖ ಊದಿಸಿಕೊಂಡಿದ್ದರಂತೆ. ಆಲ್ಬಮ್ ತೆಗೆದರೆ ಒಬ್ಬರಿಗಿಂತ ಒಬ್ಬರು ಹಲ್ಲು ಕಿರಿದಿದ್ದಾರೆ. ನೋಡಿದವರೆಲ್ಲ, "ಎಂಥಾ ಸಂತೋಷದ ಮದ್ವೆ, ಪುಣ್ಯ ಮಾಡಿದ್ರಿ," ಅಂದರಂತೆ.

ಎರಡು ವರ್ಷ ಬಿಟ್ಟು ಆ ಹೆಣ್ಣಿನ ಅಪ್ಪ, ಅದೇ ಯಜಮಾನರು, ಎರಡನೇ ಮಗಳ ಮದುವೆಗೆ ಕರೆಯಲು ಬಂದರು. ಅಪ್ಪ ಕೈ ಮುಗಿದು, "ಈ ಸಲ ನಾನೇ ಬತ್ತೀನಿ ಯಜಮಾನ್ರೇ, ಹೆದರಬೇಡಿ," ಅಂದರು.

"ಬ್ಯಾಡ ಬ್ಯಾಡ, ದೊಡ್ಡ ಮಗನ್ನೇ ಕಳ್ಸಿ," ಅಂದರು ಯಜಮಾನರು. "ಈ ಸಲಾನೂ ಮುಚ್ಚಳ ಹಾಕ್ಕೊಂಡೇ ತೆಗೀಲಿ. ಜಗಳ ಎಲ್ಲಾ ಮುಗಿದ್ಮೇಲೆ, ವಾರ ಬಿಟ್ಟು ನಗ್ತಾ ನಗ್ತಾ ತೆಗೆಸ್ಕೊಳ್ಳಾಣ!"

ಭಾಗ

ಅಪ್ಪನ ಕಣ್ಣಿಗೆ ಪೊರೆ ಬಂತು. "ಎಷ್ಟು ತಿರುಗಿಸಿದ್ರೂ ಒಂದಾಗ್ತಿಲ್ಲ ಕಣ್ರೋ, ಇನ್ನು ನನಗ್ಯಾಕೆ ಕ್ಯಾಮೆರಾ? ನಾನಿರುವಾಗಲೇ ಭಾಗ ಆಗಿಬಿಡಲಿ," ಅಂದರು. ಆ ಮಾತಿಗೆ ಅಣ್ಣ, ನಾನು ಇಬ್ಬರೂ ಅತ್ತೆವು. ಅತ್ತು ಮುಗಿದ ಕೂಡಲೇ ಇಬ್ಬರ ಕಣ್ಣೂ ಜರ್ಮನಿ ಇದ್ದ ಬೀರುವಿನ ಕಡೆ ಹೋಯಿತು.

ನಮ್ಮಲ್ಲಿ ಭಾಗದ ಪದ್ಧತಿ ಏನು? ಹಿರಿಯನು ಎರಡು ಪಾಲು ಮಾಡಬೇಕು, ಕಿರಿಯನು ಮೊದಲು ಆರಿಸಬೇಕು. ಹಿರಿಯ ಮೋಸ ಮಾಡಬಾರದು ಅಂತ ಹಿಂದಿನವರು ಮಾಡಿದ ಏರ್ಪಾಡು. ನಮ್ಮಣ್ಣ ಹಿಂದಿನವರಿಗಿಂತ ಜಾಣ. ಮನೆ, ಅಂಗಡಿ ಸರಿಸಮ ಮಾಡಿದ. ಆಮೇಲೆ ರಷ್ಯಾದ ಪಕ್ಕದಲ್ಲಿ ಕೊಟ್ಟಿಗೆಯ ಸೀಮೆಹಸು ಇಟ್ಟ. ಜರ್ಮನಿಯ ಪಕ್ಕದಲ್ಲಿ ಒಂದು ಮುರುಕಲು ಕುರ್ಚಿ.

ನನ್ನ ಹೆಂಡತಿ ಆಗ ತುಂಬು ಗರ್ಭಿಣಿ. ಮನೆಗೆ ಮಗು ಬರುತ್ತದೆ, ಹಾಲು ಬೇಕು. ಅಣ್ಣನಿಗೆ ಅದು ಗೊತ್ತು. ನಾನು ಹಸುವಿನ ಆಸೆಗೆ ರಷ್ಯಾ ಎತ್ತಿಕೊಳ್ಳುತ್ತೇನೆ, ಜರ್ಮನಿ ತನಗೆ ಉಳಿಯುತ್ತದೆ ಅಂತ ಅವನ ಲೆಕ್ಕ. ಹಿಂದಿನ ರಾತ್ರಿ ನಾನು ಹೆಂಡತಿಗೆ ಜರ್ಮನಿಯ ಗುಣಗಾನ ಮಾಡಿದೆ. ಆ ಗಾಜು, ಆ ಸೂಕ್ಷ್ಮ, ಆ ಕೆಲಸಗಾರಿಕೆ! ಅವಳು ಎಲ್ಲ ಕೇಳಿ ಒಂದೇ ಮಾತು ಕೇಳಿದಳು: "ಜರ್ಮನಿ ಹೊತ್ತಿಗೆಷ್ಟು ಹಾಲು ಕೊಡ್ತದೆ?"

ಪಂಚಾಯ್ತಿಗೆ ಮೂವರು ಹಿರಿಯರು ಬಂದರು. ಬಂಗಾರಪೇಟೆ ಹತ್ತಿರದ ಹಳ್ಳಿಯಿಂದ ಸೋದರಮಾವ, ಕಾಮಸಮುದ್ರದಿಂದ ದೊಡ್ಡಪ್ಪ, ಪಕ್ಕದ ಮನೆಯ ನಿವೃತ್ತ ಗಣಿ ಮೇಸ್ತ್ರಿ. ಅಮ್ಮ ಮೂವರಿಗೂ ಚಾಪೆ ಹಾಸಿ ಬಾಗಿಲಲ್ಲಿ ನಿಂತರು. ಮೇಸ್ತ್ರಿ ಎರಡು ಕ್ಯಾಮೆರಾಗಳನ್ನೂ ಎರಡು ಅಂಗೈಯಲ್ಲಿಟ್ಟು ತೂಗಿದರು. "ರಷ್ಯಾ ಗಟ್ಟಿ ಮಾಲು. ಜರ್ಮನಿ ಒಳಗಡೆ ಪೊಳ್ಳು," ಅಂತ ತೀರ್ಪು ಕೊಟ್ಟರು.

ಅಣ್ಣನಿಗೆ ಗಾಬರಿ. ಪಾಲು ಸಮ ಇಲ್ಲ ಅಂತಾದರೆ ಹಿರಿಯರು ಕೈ ಹಾಕುತ್ತಾರಲ್ಲ. "ಎರಡೂ ಒಂದೇ ಮಾವ, ಏನೇನೂ ವ್ಯತ್ಯಾಸ ಇಲ್ಲ," ಅಂತ ಬೆಳಗ್ಗೆಯಿಂದ ಅದನ್ನೇ ಜಪ ಮಾಡಿದ.

ಗೋಡೆಗೊರಗಿ ಕೂತಿದ್ದ ಅಪ್ಪ ಆಗ ಬಾಯಿ ಬಿಟ್ಟರು. "ಬರೀ ಮಾತಲ್ಲಿ ಯಾಕೆ? ಎರಡರಲ್ಲೂ ನಿಮ್ಮದೇ ಒಂದೊಂದು ಫೋಟೋ ತೆಗೆಸ್ತೀನಿ. ನೋಡಿ ನೀವೇ ಹೇಳಿ."

ಮೂವರೂ ಮೀಸೆ ತಿರುವಿ ಅಂಗಳದಲ್ಲಿ ಕೂತರು. ಜರ್ಮನಿಯಲ್ಲಿ ನಾನು ತೆಗೆದೆ, ರಷ್ಯಾದಲ್ಲಿ ಅಣ್ಣ ತೆಗೆದ. ಸಂಜೆ ಹೊತ್ತಿಗೆ ಎರಡೂ ಫೋಟೋ ಒಣಗಿಸಿ ಹಿರಿಯರ ಮುಂದಿಟ್ಟೆವು.

ಜರ್ಮನಿ ಯಾರ ಮುಲಾಜೂ ನೋಡಿರಲಿಲ್ಲ. ಮೇಸ್ತ್ರಿಯ ಮುಖದ ಸಿಡುಬಿನ ಗುಳಿಗಳು, ದೊಡ್ಡಪ್ಪನ ಎಲೆಅಡಿಕೆ ಹಲ್ಲು, ಮಾವನ ಕೆನ್ನೆಯ ನೆರಿಗೆ, ಕಿವಿಯ ಕೂದಲು, ಅಂಗಿಯ ಕಿತ್ತ ಗುಂಡಿ, ಎಲ್ಲ ಎದ್ದು ಕಾಣುತ್ತಿತ್ತು. ರಷ್ಯಾದ ಗಾಜಿನ ಒಳಗಡೆ ಮಾತ್ರ ಹಲವು ವರ್ಷದಿಂದ ತೆಳ್ಳಗೆ ಮಬ್ಬು ಕಟ್ಟಿತ್ತು. ಅದರಲ್ಲಿ ಮೂವರೂ ಪೌಡರ್ ಬಳಿದ ಮದುಮಕ್ಕಳು.

ಮಾವ ಜರ್ಮನಿಯ ಫೋಟೋ ಹಿಡಿದು, "ಈ ಮುದುಕ ಯಾರ್ಲಾ?" ಅಂದರು.

"ನೀವೇ ಮಾವ."

"ಈ ಕ್ಯಾಮೆರಾ ಕೆಟ್ಟೋಗಿದೆ."

"ವೇಂಡಾಂಪಾ, ಈ ಜರ್ಮನಿ ವೇಂಡವೇ ವೇಂಡಾಂ," ಅಂತ ಮೇಸ್ತ್ರಿ ತಮ್ಮ ತಮಿಳಲ್ಲಿ ಬೇಡವೇ ಬೇಡ ಅಂದು ಫೋಟೋವನ್ನು ಮಗುಚಿಟ್ಟರು. ದೊಡ್ಡಪ್ಪ ರಷ್ಯಾದ ಫೋಟೋವನ್ನು ಆಗಲೇ ಜೇಬಿಗೆ ಸೇರಿಸಿದ್ದರು. ಸೇರಿಸಿ, ಅಣ್ಣನ ಕಡೆ ತಿರುಗಿದರು.

"ಒಳ್ಳೇ ಕ್ಯಾಮೆರಾನೂ ಒಂದೇ ಕಡೆ, ಕರೆಯೋ ಹಸುನೂ ಅದೇ ಕಡೆ. ಇದ್ಯಾವ ಸೀಮೆ ಭಾಗ ಕಣ್ಲಾ? ಬಿಚ್ಚು ಹಸು! ಜರ್ಮನಿ ಕಡೆ ಕಟ್ಟು!"

ಅಣ್ಣ ಬೆವತುಹೋದ. "ದೊಡ್ಡಪ್ಪ, ನಿಜ ಹೇಳ್ಬೇಕು ಅಂದ್ರೆ... ಜರ್ಮನಿನೇ ಒಳ್ಳೇದು."

"ಬೆಳಗ್ಗೆಯಿಂದ ಎರಡೂ ಒಂದೇ ಅಂತಿದ್ದೆ! ಈಗ ಕೆಟ್ಟಿದ್ದನ್ನ ತಮ್ಮನ ತಲೆಗೆ ಕಟ್ಟಕ್ಕೆ ಒಳ್ಳೇದು ಅಂತೀಯಾ? ನಾಚಿಕೆ ಆಗಲ್ವೇನ್ಲಾ?"

ಮಾವ ನನ್ನ ಬೆನ್ನು ಸವರಿದರು. "ನೀನು ಆರಿಸ್ಕೋ ಮಗ, ಯಾರಿಗೂ ಹೆದರ್ಬ್ಯಾಡ."

ನಾನು ಮುಖ ಎಷ್ಟು ಸಪ್ಪೆ ಮಾಡಲು ಸಾಧ್ಯವೋ ಅಷ್ಟು ಮಾಡಿಕೊಂಡೆ. "ಆ ಒಳ್ಳೇದು ಅಣ್ಣನಿಗೇ ಇರ್ಲಿ ಮಾವ. ನನಗೆ ಈ ಜರ್ಮನಿನೇ ಸಾಕು."

ಮಾವನ ಕಣ್ಣಲ್ಲಿ ನೀರು. "ನೋಡು, ತಮ್ಮ ಅಂದ್ರೆ ಇವನು!" ಅಣ್ಣ ನನ್ನನ್ನು ನುಂಗುವ ಹಾಗೆ ನೋಡಿದ. ಅಪ್ಪ ಟವಲಿನಲ್ಲಿ ಮುಖ ಮುಚ್ಚಿಕೊಂಡಿದ್ದರು, ಭುಜ ಕುಲುಕುತ್ತಿತ್ತು. ಪಾಪ, ಭಾಗ ಆಯ್ತಲ್ಲ ಅಂತ ದುಃಖ ಅಂದುಕೊಂಡು ಮೇಸ್ತ್ರಿ ಸಮಾಧಾನ ಹೇಳಿದರು. ಆಮೇಲೆ ಅಪ್ಪ ತಡವರಿಸುತ್ತಾ ಎದ್ದು ಬಂದು ಜರ್ಮನಿಯನ್ನು ತಾವೇ ನನ್ನ ಕೊರಳಿಗೆ ಹಾಕಿದರು. ಮದುವೆಯ ಹಾರ ಬಿದ್ದಾಗಲೂ ನನಗೆ ಅಷ್ಟು ಹೆಮ್ಮೆ ಆಗಿರಲಿಲ್ಲ. ಇದನ್ನು ನನ್ನ ಹೆಂಡತಿಗೆ ಹೇಳಬೇಡಿ.

ಬಾಗಿಲಲ್ಲಿ ನಿಂತಿದ್ದ ಅಮ್ಮ, ಹಸುವನ್ನು ಹಿಡಕೊಂಡು ಬಂದು ಹಗ್ಗವನ್ನು ನನ್ನ ಕೈಗಿಟ್ಟರು. ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ ಅಂದರು:

"ಅದ್ರಲ್ಲಿ ನಲವತ್ತು ದಾಟಿದೋರ ಫೋಟೋ ತೆಗೀಬ್ಯಾಡ ಮಗ, ಹೊಡೀತಾರೆ. ಈ ಹಸುವಿನ ಫೋಟೋ ಬೇಕಾದ್ರೆ ತೆಗಿ. ಇದೊಂದೇ ಈ ಮನೇಲಿ ವಯಸ್ಸು ಮುಚ್ಚಿಡಲ್ಲ."