ಎಮ್ಮೆಗೆ ಲ್ಯಾಟಿನ್

ನಮ್ಮ ಕುಂಬಾರಕೊಪ್ಪಲಿನಲ್ಲಿ ಲ್ಯಾಟಿನ್ ವ್ಯಾಕರಣಕ್ಕೆ ಕಿವಿಗೊಟ್ಟ ಜೀವಗಳು ಎರಡೇ ಎರಡು. ಒಂದು ನಮ್ಮ ದೊಡ್ಡಪ್ಪ, ಇನ್ನೊಂದು ನಮ್ಮ ಎಮ್ಮೆ. ಇಬ್ಬರಲ್ಲಿ ಮನೆಗೆ ಉಪಯೋಗಕ್ಕೆ ಬಂದದ್ದು ಯಾರು ಎಂದು ಮಾತ್ರ ಕೇಳಬೇಡಿ. ಹಿರಿಯರ ವಿಷಯ, ನಾನು ಬಾಯಿ ಬಿಡುವುದಿಲ್ಲ.

ದೊಡ್ಡಪ್ಪನಿಗೆ ಈ ಹುಚ್ಚು ಹತ್ತಿದ್ದು ಸಿಟ್ಟಿನಿಂದ. ಚಿಕ್ಕಂದಿನಲ್ಲಿ ಸಂಸ್ಕೃತ ಕಲಿಯುವ ಆಸೆಯಿಂದ ಒಂದು ಪಾಠಶಾಲೆಗೆ ಹೋಗಿದ್ದರಂತೆ. ಅಲ್ಲಿದ್ದವರು ಹೆಸರಿಗಿಂತ ಮೊದಲು ಜಾತಿ ಕೇಳಿದರು. "ಉಳೋರ ಮನೆ ಹುಡುಗನಿಗೆ ವ್ಯಾಕರಣ ಯಾಕಪ್ಪ? ಎಮ್ಮೆಗೆ ಪಾಠ ಹೇಳ್ತೀಯಾ?" ಎಂದು ನಕ್ಕು ಬಾಗಿಲಿನಿಂದಲೇ ಕಳಿಸಿದರು. ಮುಂದೆ ಕಚೇರಿಯಲ್ಲಿ ಗುಮಾಸ್ತರಾದರು, ಮದುವೆಯಾದರು, ಕೂದಲೂ ನರೆಯತೊಡಗಿತು. ಆ ನಗು ಮಾತ್ರ ಕಿವಿಯಿಂದ ಹೋಗಲಿಲ್ಲ. ಸ್ವಾತಂತ್ರ್ಯ ಬಂದ ವರ್ಷ ಊರೆಲ್ಲ ಬಿಳಿಯರನ್ನು ಸಾಗಹಾಕುವ ಸಂಭ್ರಮದಲ್ಲಿದ್ದರೆ, ಇವರು ಯಾದವಗಿರಿಯ ಬಂಗಲೆಯೊಂದರಲ್ಲಿ ಉಳಿದುಕೊಂಡಿದ್ದ ಮುದಿ ಪಾದ್ರಿಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತರು.

"ಅವರ ದೇವಭಾಷೆ ಅವರತ್ರಾನೇ ಇರ್ಲಿ. ನಾನು ಅದರ ಅಕ್ಕತಂಗೀರನ್ನ ಕಲೀತೀನಿ. ಒಂದಲ್ಲ, ಎರಡು."

ಲ್ಯಾಟಿನ್ನು, ಗ್ರೀಕು ಎರಡರಲ್ಲೂ ಖಾಸಗಿಯಾಗಿ ಪರೀಕ್ಷೆ ಕಟ್ಟಿ ಪಾಸಾಗುವುದು, ಆಮೇಲೆ ಕೋಟು ತೊಟ್ಟು ಆ ಪಾಠಶಾಲೆಯ ಮುಂದೆ ನಿಧಾನವಾಗಿ ನಡೆದುಹೋಗುವುದು. ಇದು ಅವರ ಜೀವನದ ಗುರಿ. ಗುರುದಕ್ಷಿಣೆ ದಿನಕ್ಕೊಂದು ಚೊಂಬು ಎಮ್ಮೆ ಹಾಲು.

ಲ್ಯಾಟಿನ್ ಎಂದರೆ ಏನೆಂದುಕೊಂಡಿರಿ? ಅಲ್ಲಿ ಮೇಜು ಹೆಣ್ಣು, ಹೊಲ ಗಂಡು, ಯುದ್ಧ ಎರಡೂ ಅಲ್ಲ. ಒಂದೊಂದು ಪದಕ್ಕೂ ಕಪಿಯಂತೆ ಬಾಲ, ಆ ಬಾಲವೂ ಗಳಿಗೆಗೊಂದು ಥರ. ದೊಡ್ಡಪ್ಪ ಊಟಕ್ಕೆ ಕೂತರೂ ತುಟಿ ಆಡುತ್ತಲೇ ಇರುತ್ತಿತ್ತು. ಇನ್ನಷ್ಟು ಸಾರು ಬೇಕೇ ಎಂದರೆ ಪಂಚಮೀ ವಿಭಕ್ತಿಯಲ್ಲಿ ತಲೆಯಾಡಿಸುತ್ತಿದ್ದರು. ಬೇಕು ಎಂದೋ ಬೇಡ ಎಂದೋ ದೊಡ್ಡಮ್ಮನೇ ಊಹಿಸಿಕೊಳ್ಳಬೇಕು. ಗ್ರೀಕಿನಲ್ಲಂತೂ ಏಕವಚನ, ಬಹುವಚನ ಸಾಲದೆ ಇಬ್ಬರಿಗೆಂದೇ ಬೇರೊಂದು ವಚನವಿದೆ ಎಂದು ಒಂದು ದಿನ ಅವರು ಹಿಗ್ಗಿ ಹೇಳಿದರು.

"ಇಬ್ಬರೇ ಇದ್ದಾಗ ಆಡಕ್ಕೆ ಬೇರೆ ಮಾತಾ?" ಎಂದರು ದೊಡ್ಡಮ್ಮ, ಎಲೆ ಎತ್ತುತ್ತಾ. "ನಮ್ಮಿಬ್ಬರಿಗೆ ಇರೋ ಮಾತಿಗೇ ಗತಿ ಇಲ್ಲ."

ಅದು ನಿಜ. ಮಕ್ಕಳಿಲ್ಲದ ದಂಪತಿ. ದೊಡ್ಡಪ್ಪನ ಬಾಯಿಂದ ದಿನಕ್ಕೊಂದು ಮಾತು ಕೇಳಬೇಕೆಂಬುದು ದೊಡ್ಡಮ್ಮನ ಆಸೆ. ಇದಕ್ಕಿಂತ ಸಣ್ಣ ಆಸೆ ಯಾವ ಹೆಂಗಸಿಗಾದರೂ ಇದ್ದೀತೇ? ಆ ಪುಣ್ಯಾತ್ಮ ಮಾತಾಡುತ್ತಿದ್ದದ್ದು ಎಮ್ಮೆಯೊಂದಿಗೆ. ಗುರುವಿನ ಹಾಲನ್ನು ತಾವೇ ಕರೆಯಬೇಕೆಂಬ ನೇಮ. ಕೆಚ್ಚಲಿಗೆ ಕೈ ಹಾಕಿ "ಅಮೋ, ಅಮಾಸ್, ಅಮಾತ್" ಎಂದು ಶುರುಮಾಡಿದರೆ ಚೊಂಬು ತುಂಬುವ ಹೊತ್ತಿಗೆ ಎರಡು ಭಾಷೆಯ ಕ್ರಿಯಾಪದಗಳೂ ಮುಗಿಯಬೇಕು. ನಮ್ಮಜ್ಜಿ ಮಾತ್ರ "ಬೆಳಬೆಳಗ್ಗೇನೇ ಅಮಾಸೆ ಅಂತಾನಲ್ಲಪ್ಪ" ಎಂದು ಕಿವಿ ಮುಚ್ಚಿಕೊಳ್ಳುತ್ತಿದ್ದರು.

ಒಮ್ಮೆ ದೊಡ್ಡಪ್ಪನಿಗೆ ವಿಷಮಜ್ವರ ಬಂತು. ದೊಡ್ಡಮ್ಮ ಎಮ್ಮೆ ಕರೆಯಲು ಕೂತರು. ಹಾಡಿದರು, ಮೈದಡವಿದರು, ಹಿಂಡಿ ಇಟ್ಟರು. ಎಮ್ಮೆ ಹಾಲಿಳಿಸಲಿಲ್ಲ, ಚೊಂಬು ಒದ್ದಿತು. ಕೊನೆಗೆ ದೊಡ್ಡಮ್ಮ ಹಲ್ಲು ಕಚ್ಚಿಕೊಂಡು, "ಅಮೋ, ಅಮಾಸ್, ಅಮಾತ್" ಎಂದರು. ಸೊರ್ರೆಂದು ಹಾಲು ಬಂತು.

ಹಾಸಿಗೆಯಿಂದ ದೊಡ್ಡಪ್ಪನ ಧ್ವನಿ ಕೇಳಿಸಿತು: "ಉಚ್ಚಾರಣೆ ಸರಿ ಇಲ್ಲ."

"ಎಮ್ಮೆ ಏನೂ ಅನ್ನಲಿಲ್ಲ, ಸುಮ್ನೆ ಮಲ್ಕಳಿ" ಎಂದರು ದೊಡ್ಡಮ್ಮ. ಆಮೇಲೆ ತಡೆದು, "ಏನ್ರೀ ಅದರ ಅರ್ಥ?" ಎಂದು ಕೇಳಿದರು.

"ಕ್ರಿಯಾಪದ. ನಿನಗ್ಯಾಕೆ?"

ಅಂತೂ ವರ್ಷಗಟ್ಟಲೆ ಎಮ್ಮೆ ಉದ್ಧಾರವಾದ ಮೇಲೆ ದೊಡ್ಡಪ್ಪ ಪರೀಕ್ಷೆಗೆ ಅರ್ಜಿ ಹಾಕಲು ಹೋದರು. ಆ ವರ್ಷವೇ, ಕಟ್ಟುವವರಿಲ್ಲವೆಂದು ಎರಡು ಭಾಷೆಗಳನ್ನೂ ತೆಗೆದುಹಾಕಿದ್ದರು. ಕಿಟಕಿಯಾಚೆಯ ಗುಮಾಸ್ತ ಒಳ್ಳೆಯವನೇ. ಇವರ ಮುಖ ನೋಡಿ ಮರುಗಿ, "ಸಂಸ್ಕೃತಕ್ಕೆ ಕಟ್ಟಿಬುಡಿ ಸ್ವಾಮಿ. ಈಗ ಯಾರು ಬೇಕಾದ್ರೂ ಕಟ್ಟಬೋದು" ಎಂದನಂತೆ.

ದೊಡ್ಡಪ್ಪ ಮನೆಗೆ ಬಂದು ಕೊಟ್ಟಿಗೆಯಲ್ಲಿ ಕೂತರು. ಆ ಗುಮಾಸ್ತನ ಮಾತನ್ನು ಅವರು ಹೇಳಿದ್ದು ಕೂಡ ಎಮ್ಮೆಗೇ, ನಾವು ಬಾಗಿಲ ಮರೆಯಲ್ಲಿದ್ದುದರಿಂದ ನಮಗೆ ತಿಳಿಯಿತು. ಅವರಿಗಾದ ಅನ್ಯಾಯಕ್ಕೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಆದರೆ ಆ ಅನ್ಯಾಯದ ಬಡ್ಡಿಯನ್ನೆಲ್ಲ ದೊಡ್ಡಮ್ಮನಿಂದ ವಸೂಲು ಮಾಡಿದರಲ್ಲ, ಅದಕ್ಕೆ ಇನ್ನೂ ಹೆಚ್ಚು ಉರಿಯುತ್ತದೆ. ಪಾದ್ರಿ ಹೋದರು, ಎಮ್ಮೆಯೂ ಹೋಯಿತು. ದೊಡ್ಡಪ್ಪ ಬೆಳಿಗ್ಗೆ ಎದ್ದು ಖಾಲಿ ಕೊಟ್ಟಿಗೆಯಲ್ಲೇ ಕೂತು ಕ್ರಿಯಾಪದ ಹೇಳಿಕೊಳ್ಳುತ್ತಿದ್ದರು.

ಆಮೇಲೆ ಲಕ್ವ ಹೊಡೆಯಿತು. ಎಲ್ಲ ಭಾಷೆಗಳೂ ಒಂದೇ ದಿನ ನಿಂತವು. ಗಂಜಿ ಕುಡಿಸಲು ಹೋದರೆ ಹಲ್ಲು ಬಿಗಿಹಿಡಿದು ಮುಖ ತಿರುಗಿಸುತ್ತಿದ್ದರು. ಡಾಕ್ಟರು ಬೈದರು, ನಾನು ಗೋಗರೆದೆ, ಏನೂ ನಡೆಯಲಿಲ್ಲ. ದೊಡ್ಡಮ್ಮ ನನ್ನ ಕೈಯಿಂದ ಚಮಚ ಕಿತ್ತುಕೊಂಡು, ಪಕ್ಕದಲ್ಲಿ ಕೂತು, ಅವರ ಕೆನ್ನೆ ಸವರಿ, "ಅಮೋ, ಅಮಾಸ್, ಅಮಾತ್" ಎಂದರು.

ದೊಡ್ಡಪ್ಪ ಬಾಯಿ ತೆರೆದರು.

ನನಗೆ ನಗು ತಡೆಯಲಾಗಲಿಲ್ಲ. "ಎಮ್ಮೆಗೆ ಹೇಳಿದಂಗೇ ಹೇಳ್ತೀಯಲ್ಲ ದೊಡ್ಡಮ್ಮ. ಅದರ ಅರ್ಥ ಗೊತ್ತಾ ನಿಂಗೆ?"

"ಗೊತ್ತಿಲ್ದೆ ಏನು? ಅವ್ರಿಗೆ ಜ್ವರ ಬಂದಾಗ ಬಂಗ್ಲೆಗೆ ಹಾಲು ಕೊಡಕ್ಕೆ ನಾನೇ ಹೋಗಿದ್ನಲ್ಲ, ಆವಾಗ್ಲೇ ಪಾದ್ರಿಯವ್ರನ್ನ ಕೇಳ್ಕೊಂಡ್ಬಂದೆ. ಪ್ರೀತಿಸ್ತೀನಿ, ಪ್ರೀತಿಸ್ತೀಯ, ಪ್ರೀತಿಸ್ತಾನೆ ಅಂತೆ." ಅವರು ಸೆರಗಿನ ತುದಿಯಿಂದ ದೊಡ್ಡಪ್ಪನ ಗಲ್ಲ ಒರೆಸಿದರು. "ಅಷ್ಟು ವರ್ಷ ಎಮ್ಮೆಗೆ ಹೇಳಿದ್ರು ಕಣೆ. ನಂಗೆ ಒಂದ್ಸಲ ಹೇಳ್ಲಿಲ್ಲ. ಇನ್ನೆಷ್ಟು ಕಾಯಾದು? ನಾನೇ ಹೇಳ್ಬುಟ್ಟೆ."

ಬಟ್ಟಲಿನಲ್ಲಿ ಗಂಜಿ ಮುಗಿದಿತ್ತು. ದೊಡ್ಡಪ್ಪ ದೊಡ್ಡಮ್ಮನ ಮುಖವನ್ನೇ ನೋಡುತ್ತಾ ಮತ್ತೆ ಬಾಯಿ ತೆರೆದರು. ದೊಡ್ಡಮ್ಮ ಖಾಲಿ ಚಮಚ ಕೆಳಗಿಟ್ಟು, ಮತ್ತೊಮ್ಮೆ ಹೇಳಿದರು.