ನಕ್ಷೆಯ ನೀಲಿಯಲ್ಲೊಂದು ಚುಕ್ಕೆ

ನಕ್ಷೆ ನೋಡಿಯೇ ಹೊಟ್ಟೆ ಹೊರೆಯುವವನಿಗೆ ದಾರಿಯೂ ಗೊತ್ತಿರುತ್ತದೆ ಎಂದು ಜನ ನಂಬುತ್ತಾರೆ. ಹಾವೇರಿಯ ಕಚೇರಿಯೊಂದರಲ್ಲಿ ಬ್ರಿಟಿಷರ ಕಾಲದ ಭೂನಕ್ಷೆಗಳನ್ನು ಕಾಯುತ್ತಿದ್ದ ನಾನು, ಮೋಟೆಬೆನ್ನೂರಿಗೆ ಹೊರಟ ಬೀಗರಿಗೆ ದಾರಿ ಹೇಳಿ ಕರ್ಜಗಿಗೆ ಮುಟ್ಟಿಸಿದವನು. ಅಂದಿನಿಂದ ಹೆಂಡತಿ ನನ್ನನ್ನು ಸಂತೆಗೂ ಒಬ್ಬನೇ ಕಳಿಸುವುದಿಲ್ಲ.

ಇಂಥವನ ಮೇಜಿನ ಮುಂದೆ, ಎರಡು ಸಾವಿರದ ಆರರ ಆಸುಪಾಸಿಗೆ, ಮೇಡ್ಲೇರಿ ಕಡೆಯ ನೀಲವ್ವ ಎಂಬ ಮುದುಕಿ ಬಂದು ಕೂತಳು. ನಲವತ್ತು ವರ್ಷದ ಹಿಂದೆ ಅವಳ ಚೊಚ್ಚಲ ಮಗಳು ಜ್ವರದಿಂದ ತೀರಿಕೊಂಡಿದ್ದಳು. ಹೊಳೆದಂಡೆಯ ರುದ್ರಭೂಮಿಯಲ್ಲಿ ಮಣ್ಣು ಮಾಡಿದ್ದರು. ಆಮೇಲೆ ಹೊಳೆ ದಂಡೆ ಕೊರೆಯುತ್ತ ಊರಿನತ್ತ ಸರಿದಿತ್ತು. ಯಾವ ಕುಣಿ ಎಲ್ಲಿತ್ತೆಂದು ಖಚಿತವಾಗಿ ಹೇಳುವವರಿರಲಿಲ್ಲ. ಗಂಡ ಈಗ ಹಾಸಿಗೆ ಹಿಡಿದಿದ್ದ. "ಮಗಳ ಮಗ್ಗಲಕ್ಕ ನನ್ನ ಇಡ್ರಿ ಅಂತಾನ್ರೀ. ಆ ಜಾಗಾ ಎಲ್ಲೈತಿ ತೋರಸ್ರಿ" ಎಂದಳು.

ನಾನು ಠೀವಿಯಿಂದ ಹಳೆಯ ಹಾಳೆ ಬಿಚ್ಚಿದೆ. ಬ್ಯಾಡಗಿ ದಾಟಿ ರಾಣೆಬೆನ್ನೂರಿನತ್ತ ಹೋಗುವ ರೈಲುಹಳಿ ಇಂದಿನ ಜಾಗದಲ್ಲೇ ಇತ್ತು. ಮೂಲೆಯಲ್ಲಿ ಹೊಳೆ, ದಂಡೆಯ ಮೇಲೆ ರುದ್ರಭೂಮಿಯ ಗುರುತು. ಸಿಕ್ಕ ಖುಷಿಗೆ ಅವಳಿಗೆ ಚಹಾ ತರಿಸಿದೆ. ನಂತರ ಅದರ ಪಕ್ಕದಲ್ಲಿ ಹೊಸ ನಕ್ಷೆ ಹರಡಿ, ರೈಲುಹಳಿಯಿಂದ ಅಳೆದೆ. ಜಾಗ ನೀರಿನ ನಡುವೆ ಬಂತು. ಕನ್ನಡಕ ಒರೆಸಿ ಮತ್ತೆ ಅಳೆದೆ. ಅಳತೆಪಟ್ಟಿ ಸರಿಯಿಲ್ಲವೆಂದು ಗೊಣಗಿ ಬೇರೆ ಪಟ್ಟಿ ತಂದೆ.

"ಹೊಳ್ಯಾಗ ಬಂತೇನ್ರಿ?"

"ಹೌದವ್ವಾ."

"ಊರ ಮಂದೀನೂ ಅದನ್ನ ಹೇಳಿದ್ರು. ಕಾಗದದಾಗ ಬ್ಯಾರೆ ಇರಬೌದು ಅಂತ ಬಂದೇನ್ರಿ."

ಚಹಾ ಆರಿ ಕೆನೆಗಟ್ಟಿತ್ತು. ಅವಳು ಅಳಲಿಲ್ಲ. ನೀಲಿ ಬಣ್ಣದ ಮೇಲೆ ಬೆರಳಿಟ್ಟು ಕೇಳಿದಳು: "ಇಲ್ಲೊಂದು ಗುರ್ತ ಹಾಕ್ರಿ. ಸರಕಾರದ ಕಾಗದದಾಗ ನಮ್ಮ ಹುಡುಗಿ ಜಾಗಾ ಐತಿ ಅಂತ ಅವಗ ಹೇಳ್ತೇನಿ."

ಹೊಸ ನಕ್ಷೆಯಲ್ಲಿ, ಹೊಳೆಯ ನಡುವೆ, ನಾನು ಮಸಿಯಿಂದ ಒಂದು ಚುಕ್ಕೆ ಇಟ್ಟೆ. ಅವಳು ಬಗ್ಗಿ ನೋಡಿ, ಕೈ ಮುಗಿದು ಹೋದಳು. ಹದಿನೈದು ದಿನದಲ್ಲಿ ಗಂಡ ಹೋದ ಸುದ್ದಿ ಬಂತು. ಹೊಲದಲ್ಲೇ ಕುಣಿ ತೋಡಿ, ಮುಖ ಹೊಳೆಯ ಕಡೆ ಮಾಡಿ, ಅವರ ಪದ್ಧತಿಯಂತೆ ಕೂಡ್ರಿಸಿ ಮಣ್ಣು ಮಾಡಿದರಂತೆ.

ಮುಂದೆ ತಪಾಸಣೆಗೆ ಬಂದ ಸಾಹೇಬರು, ಸರಕಾರಿ ನಕ್ಷೆ ಕೆಡಿಸಿದ್ದು ಯಾಕೆ ಎಂದು ಮೆಮೊ ಕೊಟ್ಟರು. ಅಲ್ಲೊಂದು ಮಗು ಮಲಗಿದೆ ಎಂದು ಬರೆಯುವ ಧೈರ್ಯ ನನಗೆ ಬರಲಿಲ್ಲ. "ಪೆನ್ನು ಜಾರಿತು" ಎಂದು ಉತ್ತರ ಬರೆದು ಸಹಿ ಮಾಡಿದೆ. ಕಡತದ ಪ್ರಕಾರ ನಾನು ಇಂದಿಗೂ ಕೈ ನಡುಗುವ ನೌಕರ.