ಡ್ರ್ಯಾಗನ್ನಿಗೆ ಒಂಬತ್ತು ಅಂಕ

ತಕ್ಕಡಿಯ ದಿನ ಕೆಟ್ಟದ್ದು ಐದು ಖಾಲಿ ಚೌಕಗಳಿಂದ.

ತಕ್ಕಡಿ ಎಂದರೆ ಮನುಷ್ಯ. ಪಾರ್ಸೆಲ್ ಗೋದಾಮಿನಲ್ಲಿ ಬಂದ ಪೆಟ್ಟಿಗೆಗಳನ್ನೆಲ್ಲ ತೂಗಿ ಚೀಟಿ ಅಂಟಿಸುವುದು ಅವನ ಕೆಲಸವಾದ್ದರಿಂದ ಜನ ಅವನ ಹೆಸರನ್ನು ಮರೆತು ಉಪಕರಣದ ಹೆಸರಿಟ್ಟಿದ್ದರು. ಆರು ತಿಂಗಳಿಂದ ತಾತ್ಕಾಲಿಕ. ಆರು ತಿಂಗಳಲ್ಲಿ ಒಂದು ತೂಕವೂ ತಪ್ಪಿರಲಿಲ್ಲ. ಇವತ್ತು ಕೇಂದ್ರ ಕಚೇರಿಯ ಮೇಡಂ ಬಂದು ಅವನನ್ನು ಕಾಯಂ ಮಾಡಬೇಕು, ಇಲ್ಲವೇ ಮನೆಗೆ ಕಳಿಸಬೇಕು. ಮನೆ ಎಂದರೆ ಅಕ್ಕನ ಮನೆ. ಅಲ್ಲಿ ಅವನು ಮಲಗುವುದು ಬಟ್ಟೆ ಒಗೆಯುವ ಮೆಷಿನ್ನಿನ ಪಕ್ಕ. ಕಾಯಂ ಆದ ಮರುದಿನವೇ ಬೇರೆ ಕೋಣೆ ಹಿಡಿಯುತ್ತೇನೆಂದು ಮಾತು ಕೊಟ್ಟಿದ್ದ. ಅಕ್ಕ ಆ ಜಾಗಕ್ಕೆ ಆಗಲೇ ಕಪಾಟು ನೋಡಿಟ್ಟಿದ್ದಳು.

ಅವನಿಗಿದ್ದ ಒಂದೇ ಚಟ ಭಾನುವಾರದ ಆಟ. ಭಾವ, ಭಾವನ ಇಬ್ಬರು ಗೆಳೆಯರು ಮೇಜಿನ ಸುತ್ತ ಕೂರುತ್ತಿದ್ದರು. ಒಬ್ಬ ರಾಜ, ಒಬ್ಬ ಮಾಂತ್ರಿಕ, ಒಬ್ಬ ಕಳ್ಳ. ತಕ್ಕಡಿ ಕತೆ ಹೇಳುತ್ತಿದ್ದ. ಮುಂದೇನಾಯಿತು ಎಂಬುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತಿತ್ತು. ಪ್ರತಿ ಪಾತ್ರಕ್ಕೂ ಒಂದು ಹಾಳೆ; ಅದರಲ್ಲಿ ಬಲ ಎಷ್ಟು, ಬುದ್ಧಿ ಎಷ್ಟು ಎಂದು ಅಂಕ.

"ಸಾಕಯ್ಯ ಈ ರಾಜ-ಗೀಜ," ಎಂದಿದ್ದ ಭಾವ ಹೋದ ವಾರ. "ಎರಡು ವರ್ಷದಿಂದ ಅದೇ ಗುಹೆ, ಅದೇ ಡ್ರ್ಯಾಗನ್, ಅದೇ ಕತ್ತಿ. ನಾನು ಹುಟ್ಟಿದಾಗಿಂದ ಕುದುರೆ ಹತ್ತಿಲ್ಲ. ಬಸ್ಸಿಗೇ ಓಡಿ ಓಡಿ ಮೊಣಕಾಲು ಹೋಗಿದೆ. ಈ ಕಾಲಕ್ಕೆ ಒಗ್ಗೋ ಹಾಗೆ ನಿಯಮ ಬರಿ."

ತಕ್ಕಡಿ ಬರೆದ. ಕೋಟೆ ಹೋಗಿ ಗೋದಾಮಾಯಿತು. ಕತ್ತಿ ಹೋಗಿ ಪೆಟ್ಟಿಗೆ ಕೊಯ್ಯುವ ಬ್ಲೇಡಾಯಿತು. ಗಾಯ ಮಾಯಿಸುವ ಮದ್ದಿನ ಜಾಗಕ್ಕೆ ಟೀ ಬಂತು. ಆರನೇ ನಿಯಮದವರೆಗೆ ಭಾವ ತಲೆದೂಗಿದ. ಏಳನೆಯದನ್ನು ಓದುತ್ತ ಎದ್ದು ನಿಂತ.

"ದಾಳದಲ್ಲಿ ಗೆದ್ದರೂ ಸಂಬಂಧಪಟ್ಟವರ ಸಹಿ ಬೇಕು. ಸಹಿ ಇಲ್ಲದ ಗೆಲುವು ಗೆಲುವಲ್ಲ. ಏನೋ ಇದು? ಆಟಾನೋ, ಆಫೀಸೋ?"

"ಈ ಕಾಲದ್ದು ಬೇಕು ಅಂದಿದ್ದು ನೀವೇ ತಾನೆ ಭಾವ? ಈ ಕಾಲದಲ್ಲಿ ಬರೀ ಗೆದ್ದು ಗೆದ್ದೋನು ಯಾರಿದ್ದಾನೆ, ತೋರಿಸಿ."

"ಪಾಪಿ! ತೆಗಿ ಅದನ್ನ."

"ನಿಯಮ ಅಂದ್ರೆ ನಿಯಮ ಭಾವ. ತೆಗಿಯಲ್ಲ."

ಇನ್ನು ಪಾತ್ರಗಳ ಹಾಳೆ ಬೇಕಿತ್ತು. ಗೋದಾಮಿನ ಮೂಲೆಯಲ್ಲಿ ಫೋನ್ ನಂಬರ್ ತಪ್ಪಾಗಿ ಅಚ್ಚಾದ ಹಳೆಯ ಅರ್ಜಿಗಳ ಕಟ್ಟು ಬಿದ್ದಿತ್ತು. ಮೇಲೆ ಕಂಪನಿಯ ಮುದ್ರೆ, ‘ಸಿಬ್ಬಂದಿ ಮೌಲ್ಯಮಾಪನ ಪತ್ರ’ ಎಂಬ ತಲೆಬರಹ, ‘ಹುದ್ದೆ’ ಎಂದೊಂದು ಗೆರೆ, ಕೆಳಗೆ ಐದು ಖಾಲಿ ಚೌಕ. ಗೆರೆ ಎಳೆಯುವ ಕೆಲಸವೇ ತಪ್ಪಿತಲ್ಲ ಎಂದು ತಕ್ಕಡಿ ಅದರಲ್ಲೇ ಬರೆದ. ಪಾತ್ರಗಳನ್ನು ಹುಡುಕಲು ದೂರ ಹೋಗಲಿಲ್ಲ. ಕಣ್ಣೆದುರಿಗೇ ಇದ್ದವಲ್ಲ!

ಇವತ್ತು ಬೆಳಿಗ್ಗೆ ಆ ಹಾಳೆಗಳನ್ನು ನಿಯಮದ ಹಾಳೆಯ ಜೊತೆ ತೂಕದ ಮೇಜಿನ ಮೇಲಿಟ್ಟು ಒಂದು ಭಾರೀ ಪೆಟ್ಟಿಗೆಯನ್ನು ಎತ್ತಲು ಬಗ್ಗಿದ. ಎದ್ದು ನೋಡಿದರೆ ಹಾಳೆ ಇಲ್ಲ.

ಪೆಟ್ಟಿಗೆಗಳಿಗೆ ಟೇಪ್ ಸುತ್ತುವ ಟೇಪಕ್ಕ ಒಂದು ಸಲ ಯಾವುದೋ ಸುತ್ತೋಲೆಯನ್ನು ಬೋರ್ಡಿಗೆ ಹಾಕದೆ ಬೈಸಿಕೊಂಡಿದ್ದಳು. ಅಂದಿನಿಂದ ಮುದ್ರೆಯಿದ್ದ ಕಾಗದ ಕಂಡರೆ ಸಾಕು, ಅಂಟಿಸುವುದು ಮೊದಲು, ಓದುವುದು ಆಮೇಲೆ. ತಕ್ಕಡಿ ಓಡುವಷ್ಟರಲ್ಲಿ ಮೂರು ಹಾಳೆ ಗೋಡೆ ಸೇರಿದ್ದವು. ಅವಳು ಟೇಪ್ ಹಾಕಿದ್ದೆಂದರೆ ಹಡಗಿನಲ್ಲಿ ಮೂರು ತಿಂಗಳು ಹೊರಳಾಡಿದರೂ ಬಿಚ್ಚುವಂಥದ್ದಲ್ಲ. ನಾಲ್ಕನೆಯದು ಕೈಯಲ್ಲಿತ್ತು. ತಕ್ಕಡಿ ಅದನ್ನೂ ನಿಯಮದ ಹಾಳೆಯನ್ನೂ ಕಿತ್ತುಕೊಂಡು ಪ್ಯಾಂಟಿನ ಜೇಬಿಗೆ ತುರುಕಿದ.

"ಅದ್ಯಾಕೋ ಕಿತ್ಕೊಂಡೆ?"

"ಅದು... ಸೂಪರ್‌ವೈಸರ್‌ದು ಅಕ್ಕ. ಗುಟ್ಟು."

ಸುಳ್ಳಲ್ಲ. ಅದು ಡ್ರ್ಯಾಗನ್ನಿನ ಹಾಳೆ.

ಅಷ್ಟರಲ್ಲಿ ಟೇಪಕ್ಕ ಓದಲು ಶುರುಮಾಡಿದ್ದಳು. "ಹುದ್ದೆ: ಟೇಪ್ ಸುತ್ತುವವಳು. ಮಾತು ಹತ್ತಕ್ಕೆ ಹತ್ತು. ವಿಶೇಷ ಶಕ್ತಿ: ಯಾರದೇ ಗುಟ್ಟನ್ನು ಮೂರು ನಿಮಿಷದಲ್ಲಿ ಮೂರು ಮಹಡಿ ದಾಟಿಸುವುದು." ಅವಳ ಮುಖ ಸುಣ್ಣದ ಹಾಗಾಯಿತು. "ಅಯ್ಯೋ! ಕೇಂದ್ರ ಕಚೇರಿಯವರು ನಮ್ಮನ್ನೆಲ್ಲ ಅಳೆದಿದ್ದಾರೆ ಕಣೋ!"

ಈ ಗುಟ್ಟು ಎರಡೇ ನಿಮಿಷದಲ್ಲಿ ಮೂರು ಮಹಡಿ ದಾಟಿತು.

ಪೆಟ್ಟಿಗೆ ಎತ್ತುವ ಫೋರ್ಕ್‌ಲಿಫ್ಟ್ ಗಾಡಿ ಓಡಿಸುವ ಅಣ್ಣ ಬಂದು ತನ್ನ ಹಾಳೆಯನ್ನು ಬೆರಳಿಟ್ಟು ಓದಿದ. "ಬಲ ಒಂಬತ್ತು. ಸರಿ. ಬುದ್ಧಿ ಮೂರು. ವಿಶೇಷ ಶಕ್ತಿ: ಹಿಂದೆ ಗೋಡೆಯಿದ್ದರೂ ಹಿಂದಕ್ಕೆ ಹೋಗುವುದು." ಅವನ ಕುತ್ತಿಗೆಯ ನರ ಉಬ್ಬಿತು. "ಯಾವನ್ಲೇ ಬರ್ದೋನು? ಸಿಗ್ಲಿ ಅವನು. ಬಲ ಒಂಬತ್ತು ಅಂದ್ರೆ ಏನು ಅಂತ ಬೆನ್ನ ಮೇಲೇ ತೋರಿಸ್ತೀನಿ!"

‘ನಾನೇ’ ಎನ್ನಲು ಬಾಯಿ ತೆರೆದಿದ್ದ ತಕ್ಕಡಿ ಆಕಳಿಸಿ ಬಾಯಿ ಮುಚ್ಚಿದ.

ಗೇಟಿನ ಕಾವಲಿನ ಅಜ್ಜ ಬಂದು ಕನ್ನಡಕ ಏರಿಸಿದ. ಎಚ್ಚರ ಒಂದು. ವಿಶೇಷ ಶಕ್ತಿ: ಕಣ್ಣು ಬಿಟ್ಟುಕೊಂಡೇ ನಿದ್ದೆ. "ಒಂದಾದ್ರೂ ಕೊಟ್ಟಿದ್ದಾರಲ್ಲ, ಪುಣ್ಯಾತ್ಮರು," ಎಂದ. ಆದರೆ ಒಳಗೊಳಗೇ ನಾಟಿತ್ತು. "ಮೇಡಂ ಬರೋದ್ರೊಳಗೆ ಹತ್ತು ಮಾಡ್ಕೊಂಡು ತೋರಿಸ್ತೀನಿ."

ಅಲ್ಲಿಂದ ಗೋದಾಮಿಗೆ ಶನಿ ಹಿಡಿಯಿತು.

ಟೇಪಕ್ಕ ಮಾತು ಕಡಿಮೆ ಮಾಡಲು ಬಾಯಿಗೆ ಬೀಗ ಹಾಕಿಕೊಂಡಳು. ಯಾವ ಪೆಟ್ಟಿಗೆ ಯಾವ ಲಾರಿಗೆ ಎಂದು ದಿನವೂ ಕಿರುಚಿ ಹೇಳುತ್ತಿದ್ದವಳು ಅವಳೊಬ್ಬಳೇ. ಇವತ್ತು ಕೈ ಬೀಸಿದಳು. ಹಮಾಲರು ಅವಳು ನೊಣ ಓಡಿಸುತ್ತಿದ್ದಾಳೆಂದುಕೊಂಡು ಉತ್ತರದ ಪೆಟ್ಟಿಗೆಗಳನ್ನು ದಕ್ಷಿಣದ ಲಾರಿಗೆ ತುಂಬಿ ಕಳಿಸಿಬಿಟ್ಟರು. ಫೋರ್ಕ್‌ಲಿಫ್ಟ್ ಅಣ್ಣ ಬುದ್ಧಿವಂತನಾಗಲು ಇನ್ನು ಹಿಂದಕ್ಕೇ ಹೋಗುವುದಿಲ್ಲವೆಂದು ಪಣ ತೊಟ್ಟ. ಎರಡು ಕಪಾಟಿನ ಸಾಲಿನ ನಡುವೆ ಗೋಡೆಯವರೆಗೆ ಹೋಗಿ ನಿಂತ. ದಾರಿಯೆಲ್ಲ ಬಂದ್.

"ಅಣ್ಣ, ರಿವರ್ಸ್ ತಗೊಳ್ಳೋ!" ಎಂದು ತಕ್ಕಡಿ ಅಂಗಲಾಚಿದ.

"ಮಧ್ಯ ಬಾಯಿ ಹಾಕ್ಬೇಡ. ಯೋಚ್ನೆ ಮಾಡ್ತಿದ್ದೀನಿ."

ಸೂಪರ್‌ವೈಸರ್ ಗಾಜಿನ ಕೋಣೆಯಿಂದ ಹೊರಗೆ ಬಂದು ಎಲ್ಲರಿಗೂ ಒಂದೊಂದು ಸುತ್ತು ಉಗಿದು ಒಳಗೆ ಹೋದ. ಅರ್ಧ ಗಂಟೆಗೊಮ್ಮೆ ಬರುವ ರೈಲಿನ ಹಾಗೆ ಮತ್ತೆ ಬಂದು ಮತ್ತೆ ಉಗಿದ.

ಮೂರಾಯಿತು, ಮೇಡಂ ಬರಲಿಲ್ಲ. ನಾಲ್ಕಾಯಿತು. ತಕ್ಕಡಿ ಗೇಟಿಗೆ ಓಡಿದ. ಗೇಟಿನ ಆಚೆ ಬಿಸಿಲಲ್ಲಿ ಒಬ್ಬ ಹೆಂಗಸು ಟೊಮೆಟೊ ಹಣ್ಣಿನ ಹಾಗೆ ಕೆಂಪಾಗಿ ನಿಂತಿದ್ದರು. ಈಚೆ ಅಜ್ಜ ಕೋಲು ಹಿಡಿದು ನೆಟ್ಟಗೆ ನಿಂತಿದ್ದ.

"ನಾನು ಮೇಡಂ, ಮೇಡಂ ಅಂತ ಒಂದು ಗಂಟೆಯಿಂದ ಹೇಳ್ತಿದ್ದಾರೆ," ಎಂದ ಅಜ್ಜ ಹೆಮ್ಮೆಯಿಂದ. "ಗುರುತಿನ ಚೀಟಿ ಕಾರಲ್ಲಿ ಹೋಯ್ತಂತೆ. ಇಂಥ ಕತೆ ನಾನೆಷ್ಟು ಕೇಳಿಲ್ಲ! ಈಗೆಷ್ಟಪ್ಪ ನನ್ನ ಎಚ್ಚರ? ಹತ್ತಾಯ್ತಾ?"

ಮೇಡಂ ಒಳಗೆ ಬಂದರು. ದಾರಿ ಕಟ್ಟಿದ್ದ ಫೋರ್ಕ್‌ಲಿಫ್ಟ್, ಮೂಕಿಯಾದ ಟೇಪಕ್ಕ, ತಪ್ಪು ಪೆಟ್ಟಿಗೆ ಹೊತ್ತ ಲಾರಿಯಿಂದ ಬರುತ್ತಿದ್ದ ಫೋನ್ ಕರೆಗಳು, ಎಲ್ಲವನ್ನೂ ನೋಡಿದರು. ಕೊನೆಗೆ ಗೋಡೆ ನೋಡಿದರು. ಓದಿದರು. ತಿರುಗಿ ಅಜ್ಜನನ್ನು, ಅಣ್ಣನನ್ನು, ಟೇಪಕ್ಕನನ್ನು ನೋಡಿ ಇನ್ನೊಮ್ಮೆ ಓದಿದರು.

"ಹನ್ನೆರಡು ವರ್ಷದಿಂದ ಇಂಥ ಪತ್ರ ಓದ್ತಿದ್ದೀನಿ," ಎಂದರು. "ಎಲ್ಲರೂ ‘ಉತ್ತಮ’, ‘ಅತ್ಯುತ್ತಮ’ ಅಂತ ಬರೆದು ಕಳಿಸ್ತಾರೆ. ಇಷ್ಟು ಕರಾರುವಾಕ್ಕಾಗಿ ಒಬ್ಬನೂ ಬರೆದಿಲ್ಲ. ಯಾರು ಬರೆದಿದ್ದು?"

ಹೊಗಳಿಕೆಯ ವಾಸನೆ ಬಡಿದದ್ದೇ ತಡ, ತಕ್ಕಡಿಯ ಕೈ ತಾನಾಗೇ ಮೇಲೆದ್ದಿತು. "ನಾನು ಮೇಡಂ."

ಫೋರ್ಕ್‌ಲಿಫ್ಟ್ ಅಣ್ಣ ಅವತ್ತು ಮೊದಲ ಸಲ ರಿವರ್ಸ್ ತಗೊಂಡ. ನೇರ ತಕ್ಕಡಿಯ ಕಡೆಗೆ.

"ತಡಿಯಣ್ಣ! ಅದು ಆಟ! ಬರೀ ಆಟ ಅಣ್ಣ!" ತಕ್ಕಡಿ ಮೇಡಂ ಬೆನ್ನ ಹಿಂದೆ ಅಡಗಿ ಭಾವನಿಂದ ಹಿಡಿದು ಚೌಕಗಳವರೆಗೆ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಒದರಿದ.

"ಆಟಾನಾ?" ಮೇಡಂ ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡರು. "ನಿನ್ನ ಆಟಕ್ಕೆ ನಾನು ಒಂದು ಗಂಟೆ ಬಿಸಿಲಲ್ಲಿ ಒಣಗಿದೀನಿ. ಈಗ ನಾನೂ ಆಡ್ತೀನಿ. ತೆಗಿ ದಾಳ. ಹದಿನೆಂಟರ ಮೇಲೆ ಬಿದ್ರೆ ಕಾಯಂ. ಇಲ್ಲಾಂದ್ರೆ ಇವತ್ತೇ ಮನೆಗೆ."

ತಕ್ಕಡಿ ಜೇಬಿಗೆ ಕೈ ಹಾಕಿ ದಾಳ ಎಳೆದ. ತೂಕದ ಮೇಜಿನ ಮೇಲೆ ಉರುಳಿಸಿದ. ಮೆಷಿನ್ನಿನ ಪಕ್ಕದ ಹಾಸಿಗೆ, ಅಕ್ಕನ ಕಪಾಟು, ಎಲ್ಲ ಆ ದಾಳದ ಜೊತೆ ಉರುಳಿದವು. ದಾಳ ಮೂರರ ಮೇಲೆ ನಿಂತ ಹಾಗೆ ಮಾಡಿ, ಮನಸ್ಸು ಬದಲಿಸಿ, ಮಗುಚಿತು.

ಹತ್ತೊಂಬತ್ತು!

ಟೇಪಕ್ಕ ಮೌನ ಮುರಿದು ಇಡೀ ಗೋದಾಮು ಅದುರುವ ಹಾಗೆ ಕೂಗಿದಳು. ಅಜ್ಜ ಕೋಲು ಬಿಸಾಡಿ ಕುಣಿದ. ಹೊಡೆಯಲು ಬಂದಿದ್ದ ಅಣ್ಣನೇ ತಕ್ಕಡಿಯನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡ; ಬಲ ಒಂಬತ್ತು ಅಲ್ಲವೇ!

"ಇಳಿಸಿ ಅವನನ್ನ," ಎಂದರು ಮೇಡಂ. ದಾಳದ ಜೊತೆಗೆ ಜೇಬಿನಿಂದ ಉದುರಿದ್ದ ಒಂದು ಹಾಳೆ ಅವರ ಕೈಯಲ್ಲಿತ್ತು. "ಏಳನೇ ನಿಯಮ. ದಾಳದಲ್ಲಿ ಗೆದ್ದರೂ ಸಂಬಂಧಪಟ್ಟವರ ಸಹಿ ಬೇಕು. ಸಹಿ ಇಲ್ಲದ ಗೆಲುವು ಗೆಲುವಲ್ಲ. ನೀನೇ ಬರೆದಿದ್ದಲ್ವಾ?"

"ಅದು... ಆ ನಿಯಮ ತೆಗಿಬೇಕು ಅಂತಿದ್ದೆ ಮೇಡಂ. ಭಾವನೂ ಹೇಳಿದ್ರು."

"ನಿಯಮ ಅಂದ್ರೆ ನಿಯಮ. ಸೂಪರ್‌ವೈಸರ್ ಸಹಿ ಹಾಕಿದ್ರೆ ನನ್ನ ಅಭ್ಯಂತರ ಇಲ್ಲ."

ಎಲ್ಲರೂ ತಿರುಗಿದರು. ಗದ್ದಲ ಕೇಳಿ ಗಾಜಿನ ಕೋಣೆಯಿಂದ ಬಂದಿದ್ದ ಸೂಪರ್‌ವೈಸರ್ ಮೇಜಿನ ಪಕ್ಕವೇ ನಿಂತಿದ್ದ. ಕಾಲ ಬಳಿ ಬಿದ್ದಿದ್ದ ಇನ್ನೊಂದು ಹಾಳೆಯನ್ನು ಎತ್ತಿಕೊಂಡು ತುಟಿ ಅಲ್ಲಾಡಿಸುತ್ತ ಓದುತ್ತಿದ್ದ.

"ಹುದ್ದೆ: ಸೂಪರ್‌ವೈಸರ್, ಅಂದರೆ ಡ್ರ್ಯಾಗನ್. ಬುದ್ಧಿ: ಅಳೆಯುವ ಉಪಕರಣ ಇನ್ನೂ ಬಂದಿಲ್ಲ. ಸಂಜೆ ನಾಲ್ಕರ ಮೇಲೆ ಬೆಂಕಿ ಉಗುಳುತ್ತದೆ."

ಗೋಡೆ ಗಡಿಯಾರ ನಾಲ್ಕೂವರೆ ತೋರಿಸುತ್ತಿತ್ತು.

"ಸರ್," ತಕ್ಕಡಿ ಕೈ ಜೋಡಿಸಿದ. "ನಿಮ್ಮಂಥ ದೊಡ್ಡ ಮನಸ್ಸಿನೋರು, ನಿಮ್ಮಂಥ ದಕ್ಷ..."

"ಹೊಗಳ್ಬೇಡ. ‘ದೌರ್ಬಲ್ಯ: ಹೊಗಳಿಕೆ.’ ಅದನ್ನೂ ಓದಿದ್ದೀನಿ." ಸೂಪರ್‌ವೈಸರ್ ಹಾಳೆಯನ್ನು ನಾಲ್ಕಾಗಿ ಮಡಚಿ ಅಂಗಿಯ ಜೇಬಿಗೆ ಇಟ್ಟುಕೊಂಡ. ಅಲ್ಲೇ ಇದ್ದ ಪೆನ್ನನ್ನು ಹೊರಗೆ ತೆಗೆದ. ಮುಚ್ಚಳ ಬಿಚ್ಚಿದ. ನಿಬ್ಬು ನೋಡಿದ. ಮುಚ್ಚಳ ಹಾಕಿ ಮತ್ತೆ ಜೇಬಿಗಿಟ್ಟ.

"ನಾಳೆ ಬಾ," ಎಂದ.

ಆ ಹಾಳೆಯ ಕೊನೆಯ ಸಾಲು ತಕ್ಕಡಿಗೆ ಬಾಯಿಪಾಠವಾಗಿತ್ತು. ‘ಆಯುಧ: ನಾಳೆ ಬಾ. ಹತ್ತಕ್ಕೆ ಒಂಬತ್ತು.’ ಆ ಆಯುಧದ ಹೊಡೆತ ತಿಂದು ನಿಂತಾಗ ಅವನಿಗೆ ಗೊತ್ತಾಯಿತು, ತಾನು ಒಂದು ಅಂಕ ಕಡಿಮೆ ಕೊಟ್ಟಿದ್ದೇನೆಂದು. ಆರು ತಿಂಗಳಲ್ಲಿ ಮೊದಲ ಸಲ ಅವನ ತೂಕ ತಪ್ಪಿತ್ತು.